ಹಗೇವಿನೊಳಗಿನ ಮಾತು

ಕಂದೀಲು ಆರಲಿಲ್ಲ. ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಬಿಟ್ಟಿದ್ದ ಅದು ಜೋಳದ ಮೇಲೆ ಕೂತು ಹಾಗೇ ಉರಿಯುತ್ತಿತ್ತು. ಮುಂಜಾನೆಯೇ ಬಾಯಿಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಕಾದಿದ್ದ ಬಂದಗಿಸಾಬ ಬಗ್ಗಿ ನೋಡಿ, "ಗಾಳಿ ಚೊಲೊ ಐತಿ. ಇಳೀರಿನ್ನ," ಎಂದ. ಕನ್ನೊಳ್ಳಿಯಲ್ಲಿ ಯಾರ ಹಗೇವು ತೆಗೆಯಬೇಕಾದರೂ ಅವನೇ ಬರಬೇಕು. ನೆಲದಲ್ಲಿ ಎರಡಾಳು ಆಳ ತೋಡಿ ಜೋಳ ತುಂಬಿಟ್ಟ ಆ ಕಣಜದ ಬಾಯಿ ಒಬ್ಬರು ಮೈ ಮುದುಡಿಕೊಂಡು ಇಳಿಯುವಷ್ಟೇ ಅಗಲ.

ಇಳಿಯಬೇಕಾದವನು ಸಿದ್ದರಾಯ. ಅಪ್ಪ ಪರಸಪ್ಪ ಇದ್ದಾಗ ಅವನೇ ಇಳಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಈ ಮನೆಗೆ ಇವನೊಬ್ಬನೇ ಗಂಡಸು. ಆದರೆ ಸಿದ್ದರಾಯ ಹಗ್ಗದ ಗಂಟನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಬಂಕರು ಕುಸಿದು ಇಡೀ ಒಂದು ಹಗಲು ಮಣ್ಣಿನಡಿ ಇದ್ದು, ಜೀವಂತ ಹೊರಗೆ ಬಂದವನು ಅವನು. ನಾಲ್ಕು ವರ್ಷವಾಗುತ್ತ ಬಂದರೂ ಮನೆಯೊಳಗೆ ಮಲಗಿದವನಲ್ಲ, ಅಂಗಳದ ಕಟ್ಟೆಯೇ ಅವನಿಗೆ ಹಾಸಿಗೆ. ಹೆಂಡತಿ ಸುಂದರವ್ವ ತಾನೂ ಚಾಪೆ ಕಂಬಳಿ ಹೊರಗೆ ತಂದು, ಮಾಗಿಯ ಚಳಿಯಲ್ಲೂ ಓಣಿಯ ಹೆಂಗಸರಿಗೆ, "ನನಗ ಒಳಗ ಧಗಿ ಆಗ್ತೈತ್ರವಾ," ಎಂದು ಹೇಳುತ್ತಿದ್ದಳು. ಅಂಥ ಸುಳ್ಳಿಗೆ ಯಾವ ದೇವರೂ ಸಿಟ್ಟಾಗಲಿಕ್ಕಿಲ್ಲ.

ಒಂದೇ ಒಂದು ವಿಷಯಕ್ಕೆ ಅವಳಿಗೆ ಗಂಡನ ಮೇಲೆ ಬೇಸರವಿತ್ತು. ಆ ಬಂಕರಿನಲ್ಲೇ ಸತ್ತ ಜೈನುದ್ದೀನ ಮುದ್ದೇಬಿಹಾಳದವನು, ಅದೇ ಪಲ್ಟನ್ನಿನವನು. ಅವನ ತಾಯಿ ಅಮೀನಾಬಿ, ಒಂದು ಸಲ ಬಂದು ಮಗನ ಸುದ್ದಿ ಹೇಳಿ ಹೋಗು ಎಂದು ಬಸ್ಸಿನವರ ಕೈಲಿ ಮೂರು ಸಲ ಹೇಳಿ ಕಳಿಸಿದ್ದಳು. ಸಿದ್ದರಾಯ ಪ್ರತಿ ಸಲವೂ ಹೂಂ ಅಂದ, ಹೋಗಲಿಲ್ಲ. ಯಾಕೆಂದು ಕೇಳಿದರೆ ಎದ್ದು ಕುರಿಗಳ ಕಡೆ ನಡೆದುಬಿಡುತ್ತಿದ್ದ.

"ಸಿದ್ದೂ, ಹೊತ್ತಾತು, ಇಳಿಯಪಾ," ಎಂದಳು ತಾಯಿ ತಿಪ್ಪವ್ವ.

ಸಿದ್ದರಾಯನ ಕೈ ಹಗ್ಗದ ಮೇಲೇ ನಿಂತಿತು. ಸುಂದರವ್ವ ಸೀರೆಯ ಕಚ್ಚೆ ಬಿಗಿದು ಮುಂದೆ ಬಂದಳು. "ಇವರ ಹೆಗಲು ಇದರಾಗ ಹಿಡಿಸಂಗಿಲ್ಲ ಬಿಡ್ರಿ ಅತ್ತಿ. ನಾ ಇಳೀತೇನಿ."

"ಹೆಣ್ಣಮಗಳು ಹಗೇವ ಇಳಿದದ್ದು ಎಲ್ಲ್ಯರ ಕೇಳೀಯೇನ?"

"ಈಗ ಕೇಳ್ರಿ."

ಬಂದಗಿಸಾಬ ಅವಳ ಸೊಂಟಕ್ಕೆ ಹಗ್ಗ ಕಟ್ಟುತ್ತ, "ತಂಗಿ, ಕೆಳಗ ಇಳಿದವರು ಬಾಯಿ ಮುಚ್ಚಂಗಿಲ್ಲ. ಮಾತಾಡಕೋತನ ಇರಬೇಕು. ಮಾತು ನಿಂತ್ರ ಉಸರ ಕಟ್ಟೇತಿ ಅಂತ ತಿಳದು ನಾವು ಎಳೀತೇವಿ," ಎಂದ.

"ಆಕೀಗಿ ಅದನ್ನ ಬ್ಯಾರೆ ಹೇಳಬೇಕೇನು!" ಎಂದು ತಿಪ್ಪವ್ವ ನಕ್ಕಳು.

ಮುದುಕಿ ಹೇಳಿದ್ದು ಖರೆ. ಸುಂದರವ್ವ ಇಳಿಯುತ್ತಲೇ ಶುರುಮಾಡಿದಳು. ಹೂವಿನ ಹಿಪ್ಪರಗಿಯ ಚಿಕ್ಕವ್ವ ಬಂದಾಗ ಎಷ್ಟು ಹೋಳಿಗೆ ತಿಂದಳು, ಕೊಂಬು ಮುರಿದ ಎಮ್ಮೆ ಯಾರಿಗೆ ಹಾಯುತ್ತದೆ, ಯಾರಿಗೆ ಹಾಯುವುದಿಲ್ಲ, ಅತ್ತೆ ಉಪ್ಪಿನಕಾಯಿಯ ಗಡಿಗೆಯನ್ನು ಯಾಕೆ ಬಚ್ಚಿಡುತ್ತಾಳೆ, ಎಲ್ಲ ಮೇಲೆ ಬಂತು. ಮಾತಿನ ಜೊತೆ ಬುಟ್ಟಿಗಳೂ ಬಂದವು. ಸಿದ್ದರಾಯ ಹಗ್ಗ ಹಿಡಿದು ಹಗೇವಿನ ಬಾಯಿಗೆ ಕಿವಿಯಿಟ್ಟು ನಿಂತಿದ್ದ. ಒಮ್ಮೆ ನಕ್ಕ ಕೂಡ.

ಏಳನೆಯ ಬುಟ್ಟಿಯ ಹೊತ್ತಿಗೆ ಮಾತು ನಿಂತಿತು.

"ಸುಂದ್ರೀ," ಎಂದ ಸಿದ್ದರಾಯ. ಉತ್ತರ ಬರಲಿಲ್ಲ. "ಏ ಸುಂದ್ರೀ!"

"ಎಳೀ!" ಎಂದು ಬಂದಗಿಸಾಬ ಕೂಗಿದ. ಮಾಡಬೇಕಾದದ್ದು ಅದೇ. ಆದರೆ ಸಿದ್ದರಾಯ ಹಗ್ಗವನ್ನೇ ಬಿಟ್ಟ. ಬಂದಗಿಸಾಬ ಅವನ ಅಂಗಿಗೆ ಕೈ ಹಾಕುವಷ್ಟರಲ್ಲಿ ಅವನು ಆ ಕಿರಿದಾದ ಬಾಯಿಯೊಳಗೆ ಕಾಲು ಬಿಟ್ಟು, ಹೆಗಲು ತರಚಿಕೊಂಡು, ಕೆಳಗಿನ ಜೋಳದಲ್ಲಿ ಮೊಳಕಾಲಮಟ ಹುಗಿದುಹೋಗಿದ್ದ.

ಕಂದೀಲಿನ ಬೆಳಕಿನಲ್ಲಿ ಸುಂದರವ್ವ ಗಾಬರಿಯಾಗಿ ನಿಂತಿದ್ದಳು. ಅವಳ ಒಂದು ಗಲ್ಲ ಉಬ್ಬಿತ್ತು. "ಬಾಯಾಗ ಬೆಲ್ಲ ಇತ್ತರಿ," ಎಂದಳು ಹೇಗೋ ನುಂಗುತ್ತ. "ಗಂಟಲು ಒಣಗಿತ್ತು, ಅದಕ್ಕ..."

ಸಿದ್ದರಾಯ ಅವಳ ಎರಡೂ ರಟ್ಟೆ ಹಿಡಿದುಕೊಂಡ. ಬೈಯುತ್ತಾನೆ ಎಂದುಕೊಂಡಳು. ಅವನು ಜೋಳದ ಮೇಲೆ ಕುಸಿದು ಕೂತು ಅತ್ತ. ಮೂವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ಅವಳು ನೋಡಿರಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಅವನೂ ಹಿಂಗ ಮಾತಾಡಿದ," ಎಂದ ಸಿದ್ದರಾಯ. "ಜೈನುದ್ದೀನ. ಮಣ್ಣಿನ ಆಚಿ ಕಡೆ ಇದ್ದ. ಕಾಣ್ತಿರಲಿಲ್ಲ, ಕೇಳ್ತಿತ್ತು. ಹಗಲೆಲ್ಲಾ ಮಾತಾಡಿದ. ನಡನಡುವ 'ಸಿದ್ದೂ, ಅದೀಯೇನೋ' ಅಂತಿದ್ದ. ಮಾತಾಡಿದ್ರ ಉಸರ ತೀರತೈತಿ ಅಂತ ನಮಗ ಕಲಿಸಿದ್ರು. ನಾ ಒಂದ ಸಲಾನೂ ಓ ಅನ್ನಲಿಲ್ಲ, ಸುಂದ್ರೀ. ಸಂಜೀಕ ಅವನ ದನಿ ನಿಂತಿತು. ನನ್ನ ಹೊರಗ ತಗದ್ರು. ಅವರವ್ವನ ಮುಂದ ಏನಂತ ಹೇಳ್ಲಿ?"

ಮೇಲಿನಿಂದ ತಿಪ್ಪವ್ವ ಎದೆ ಬಡಿದುಕೊಂಡು ಕೂಗುತ್ತಿದ್ದಳು. "ಅದೇವ್ರೀ ಅತ್ತೀ, ಇಬ್ರೂ ಅದೇವಿ!" ಎಂದು ಸುಂದರವ್ವ ಒದರಿ, ಗಂಡನ ಮುಖವನ್ನು ಸೆರಗಿನಿಂದ ಒರೆಸಿದಳು. "ನನಗ ಹೇಳಿದಂಗ ಆಕೀಗಿ ಹೇಳ್ರಿ. ನಾನೂ ಬರ್ತೇನಿ."

ಮೂರನೆಯ ದಿನ ಇಬ್ಬರೂ ಅಮೀನಾಬಿಗೆಂದು ಸಣ್ಣದೊಂದು ಚೀಲ ಜೋಳ ಹೊತ್ತು ಸಿಂದಗಿಗೆ ನಡೆದು ಬಸ್ಸು ಹತ್ತಿದರು. ತಾಳಿಕೋಟೆಯಲ್ಲಿ ಬಸ್ಸು ಬದಲಿಸುವಾಗ ಸಿದ್ದರಾಯ ಎರಡು ಸಲ ತಿರುಗಿ ಹೋಗೋಣ ಎಂದ. ಸುಂದರವ್ವ ಎರಡು ಸಲವೂ ಕಿವಿ ಕೇಳದವಳಂತೆ ಜೋಳದ ಚೀಲದ ಮೇಲೆ ಕೂತೇ ಇದ್ದಳು.

ಮುದ್ದೇಬಿಹಾಳದಲ್ಲಿ ಅಮೀನಾಬಿ ಮನೆಯ ಬಾಗಿಲಲ್ಲಿ ಕೂತು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಹೆಸರು ಹೇಳುತ್ತಲೇ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು, ಒಲೆಯ ಮೇಲೆ ಚಹಾಕ್ಕಿಟ್ಟಳು. ಸಿದ್ದರಾಯ ಕೂರಲಿಲ್ಲ. ಕೂತರೆ ಹೇಳಲಾರೆ ಅನ್ನಿಸಿರಬೇಕು, ನಿಂತೇ ಎಲ್ಲ ಹೇಳಿದ. ಕಡೆಯ ಮಾತನ್ನೂ ನುಂಗಲಿಲ್ಲ. "ಅವ ಕರದ. ನಾ ಓ ಅನ್ನಲಿಲ್ಲ, ಯವ್ವಾ."

ಮುದುಕಿ ಒಲೆ ಬಿಟ್ಟು ಅವನ ಹತ್ತಿರ ಬಂದಳು.

"ಹಗಲೆಲ್ಲಾ ಮಾತಾಡಿದ್ನೇನು?" ಎಂದಳು ಅಮೀನಾಬಿ.

"ಹೌದ್ರಿ."

"ನಿನ್ನ ಹೆಸರ ಹಿಡದು?"

"ಹೌದ್ರಿ."

"ಸಣ್ಣಾವಿದ್ದಾಗಿಂದ ಕತ್ತಲಂದ್ರ ಅಂಜತಿದ್ದ. ಒಬ್ಬನ ಇದ್ನೇನೋ, ಒಬ್ಬನ ಹ್ವಾದನೇನೋ ಅಂತ ನಾಕ ವರ್ಷ ನನ್ನ ಕರಳ ಸುಟ್ಟಾವು." ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನೀ ಕೇಳಾಕತ್ತೀದಿ ಅಂತ ಅವಗ ಗೊತ್ತಿತ್ತಪಾ. ಯಾರೂ ಕೇಳದಿದ್ರ ಅಷ್ಟೊತ್ತು ಯಾರ ಮಾತಾಡ್ತಾರ?"

ಅಮೀನಾಬಿ ಸಿದ್ದರಾಯನ ಕೈ ಹಿಡಿದು ಎಳೆದು, ಅರ್ಧ ಹೊಲಿದ ಕೌದಿಯ ಮೇಲೆ ಕೂರಿಸಿದಳು. ತಾನೂ ಎದುರಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಳು.

"ಏನೇನ ಅಂದ?" ಎಂದಳು. "ಒಂದೂ ಬಿಡಬ್ಯಾಡ. ಮೊದಲಿಂದ ಹೇಳು."

ಸಿದ್ದರಾಯ ಹೇಳತೊಡಗಿದ. ಒಲೆಯ ಮೇಲೆ ಚಹಾ ಉಕ್ಕಿ ಬೂದಿಗೆ ಚೆಲ್ಲಿತು. ಯಾರೂ ಏಳಲಿಲ್ಲ.