ಸಮ್ಮತಿ ನೀಡದ ಸದಸ್ಯರು

ತಿರುಗಿ ನೋಡಬಾರದು ಎಂದುಕೊಂಡೇ ರಮಾನಾಥ ಬೋರ್ಡಿನ ಮೇಲೆ ಇನ್ನೊಂದು ವಾಕ್ಯ ಬರೆದ. ಬೆನ್ನ ಹಿಂದೆ ಯಾರೋ ಆಕಳಿಸಿದರು. ಮುಂಬಯಿ ಪರೇಲಿನ ಈ ಕಾಲೇಜಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಆಕಳಿಕೆಯ ಸದ್ದೂ ಗುರುತು ಸಿಗುತ್ತದೆ.

'ಪೀಪಲ್ ಹೂ ಲಿವ್ ಇನ್ ದಹಿಸರ್.' ಮೊದಲು ಜನ. ಅವರೆಂಥವರು ಎನ್ನುವುದು ಆಮೇಲೆ. ಜನ ಹಲವರಾದರೆ ಅವರ ಹಿಂದೆ ಬರುವ ಕ್ರಿಯಾಪದವೂ ಹಲವರದ್ದೇ. ಇದನ್ನು ಇಂಗ್ಲಿಷಿನಲ್ಲಿ ಹೇಳಿ, ಯಾರ ಮುಖದಲ್ಲೂ ಬೆಳಕು ಕಾಣದೆ ಹಿಂದಿಯಲ್ಲಿ ಹೇಳಿದ.

ಕನ್ನಡದಲ್ಲಾದರೆ ಇದು ತಲೆಕೆಳಗು. ಬಂದ, ಉಂಡ, ಛತ್ರಿ ಮರೆತು ಹೋದ ಎಂದೆಲ್ಲ ಮುಗಿದ ಮೇಲೆ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಜನರನ್ನು ಮೊದಲೇ ಸಾಲಾಗಿ ನಿಲ್ಲಿಸಿಬಿಡಬಹುದು. ಅದು ಅವನಿಗೆ ಎಂದಿನಿಂದಲೂ ಇಷ್ಟ. ಇವತ್ತಂತೂ ಧೈರ್ಯ ಕೊಡುವಷ್ಟು ಇಷ್ಟವಾಯಿತು.

"ಯಾರಾದರೂ ಒಂದು ಉದಾಹರಣೆ ಕೊಡಿ."

ಯಕ್ಷಿತಾ ಕೈ ಎತ್ತಿದಳು. "ಪೀಪಲ್ ಹೂ ಗೆಟ್ ಡೌನ್ ಅಟ್ ದಾದರ್ ಪುಶ್ ಎವ್ರಿಬಡಿ, ಸರ್."

ತರಗತಿ ನಕ್ಕಿತು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಪ್ರೀತಮ್ ಹಿಂದಿಯಲ್ಲಿ ಕೇಳಿದ. ಬರುತ್ತದೆ ಎಂದ ರಮಾನಾಥ. ಯಕ್ಷಿತಾಳ ಕೈ ಇನ್ನೂ ಮೇಲೆಯೇ ಇತ್ತು. ಇಳಿಸು ಎಂದು ತಾನು ಹೇಳುವ ತನಕ ಕೈ ಇಳಿಸಬಾರದೆಂಬುದು ಅವನದೇ ನಿಯಮ, ಹೇಳಲು ಮರೆತಿದ್ದ.

"ಇಳಿಸಮ್ಮ," ಎಂದ.

ಸಂಜೆ ಏಳಕ್ಕೆ ಹೌಸಿಂಗ್ ಸೊಸೈಟಿಯ ಮೀಟಿಂಗ್ ಇತ್ತು. ದಹಿಸರಿನಲ್ಲಿ ಅವನಿರುವ ಬಿಲ್ಡಿಂಗನ್ನು ಕೆಡವಿ, ಲಿಫ್ಟು ಗಿಫ್ಟು ಎಲ್ಲ ಇರುವ ಹೊಸದನ್ನು ಕಟ್ಟಿಕೊಡುತ್ತೇನೆಂದು ಒಬ್ಬ ಬಿಲ್ಡರ್ ಬಂದಿದ್ದ. ಬಹಳ ಜನ ಒಪ್ಪಿಗೆಗೆ ಸಹಿ ಹಾಕಿದ್ದರು. ಹಾಕದವರು ಐದು ಮಂದಿ. ಏನಾದರಾಗಲಿ, ಹಾಕುವುದಿಲ್ಲ ಎಂದು ರಮಾನಾಥ ತೀರ್ಮಾನಿಸಿದ್ದ. ಆ ತೀರ್ಮಾನ ಅವನಿಗೆ ಹೊಸ ಚಪ್ಪಲಿಯ ಹಾಗಿತ್ತು. ಕಚ್ಚುತ್ತಿತ್ತು, ಆದರೂ ನಡೆದರೆ ನಾಲ್ಕು ಜನಕ್ಕೆ ಕೇಳುವಂತೆ ಸದ್ದು ಮಾಡುತ್ತಿತ್ತು.

ಸೊಸೈಟಿಯ ನೋಟಿಸಿನ ಇಂಗ್ಲಿಷ್ ತಿದ್ದುವುದು ಮೊದಲಿನಿಂದಲೂ ಅವನ ಕೆಲಸ. ಯಾರ ಹೆಸರನ್ನೂ ಬರೆಯಬಾರದು ಎಂದು ಕಲಿಸಿಕೊಟ್ಟವನೂ ಅವನೇ. 'ಪಾರಿವಾಳಗಳಿಗೆ ಕಾಳು ಹಾಕುವ ಸದಸ್ಯರು', 'ಒದ್ದೆ ಬಟ್ಟೆ ಹಿಂಡದೆ ಒಣಗಿಸುವ ಸದಸ್ಯರು'. ಕಾಳು ಹಾಕುವವಳು ಇಂದ್ರಾಬಾಯಿ ಒಬ್ಬಳೇ ಎಂದು ಇಡೀ ಬಿಲ್ಡಿಂಗಿಗೆ ಗೊತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಮುಟ್ಟಿಕೊಳ್ಳಲಿ, ಮರ್ಯಾದೆಯೂ ಉಳಿಯುತ್ತದೆ ಎನ್ನುತ್ತಿದ್ದ. ಎಲ್ಲರಿಗೂ ಅದು ಒಪ್ಪಿಗೆಯಾಗಿತ್ತು.

ಹೋದ ವಾರ ಈ ಮೀಟಿಂಗಿನ ನೋಟಿಸನ್ನೂ ಸೆಕ್ರೆಟರಿ ಸುಕೇಶ್ ತಿದ್ದಿಸಲು ಅವನ ಹತ್ತಿರವೇ ತಂದ. ಸ್ಟೇಷನ್ ಪಕ್ಕ ಹೋಟೆಲು ನಡೆಸುವ ಉಡುಪಿ ಕಡೆಯವನು. ಬರೆದದ್ದರಲ್ಲಿ ಮೀಟಿಂಗಿಗೆ ಬರಬೇಕಾದವರೆಂದು ಸಹಿ ಹಾಕದ ಐದೂ ಮಂದಿಯ ಹೆಸರಿತ್ತು, ರಮಾನಾಥನದ್ದೇ ಮೊದಲು.

"ಬೇಜಾರು ಮಾಡ್ಬೇಡಿ ಸರ್. ನಿಮ್ಮ ಹೆಸರು ನಿಮ್ಮ ಹತ್ರವೇ ತಿದ್ದಿಸುದು ಅಂದ್ರೆ ನನಗೇ ಒಂದು ನಮೂನೆ ಆಗ್ತದೆ."

"ಹೆಸರು ಯಾಕೆ? ಪದ್ಧತಿ ಇಲ್ಲವಲ್ಲ."

ರಮಾನಾಥ ಐದು ಹೆಸರನ್ನೂ ಹೊಡೆದುಹಾಕಿ, 'ಮೆಂಬರ್ಸ್ ಹೂ ಹ್ಯಾವ್ ನಾಟ್ ಕನ್ಸೆಂಟೆಡ್', ಸಮ್ಮತಿ ನೀಡದ ಸದಸ್ಯರು, ಎಂದು ಬರೆದುಕೊಟ್ಟ. ಓದುವವರಿಗೆ ಅವರು ಐದೋ ಐವತ್ತೋ ತಿಳಿಯಬಾರದು. ಪೆನ್ನು ಮುಚ್ಚುವಾಗ ಗೆದ್ದಷ್ಟು ಖುಷಿಯಾಗಿತ್ತು.

ಸಂಜೆ ಲೋಕಲ್ ರೈಲಿನಲ್ಲಿ ನಿಂತುಕೊಂಡು ಅವನು ಸಹಿ ಹಾಕದಿರುವ ಕಾರಣಗಳನ್ನು ಮತ್ತೆ ಜೋಡಿಸಿದ. ಗಾಳಿ ಬೆಳಕು ಕಡಿಮೆಯಾಗುತ್ತದೆ. ಬಿಲ್ಡರನ ಮಾತನ್ನು ನಂಬುವಂತಿಲ್ಲ. ಎಲ್ಲ ಸರಿಯಾದ ಕಾರಣಗಳೇ. ಆದರೆ ಬೊರಿವಲಿಯಲ್ಲಿ ಗಾಡಿ ಖಾಲಿಯಾಗಿ ಕೂರಲು ಜಾಗ ಸಿಕ್ಕಾಗ ನಿಜವಾದ ಕಾರಣವೂ ಬಂದು ಪಕ್ಕದಲ್ಲಿ ಕುಳಿತಿತು. ಸಹಿ ಹಾಕುವುದಿಲ್ಲ ಎಂದ ಮೇಲೆಯೇ ಜನ ಅವನ ಬಾಗಿಲು ತಟ್ಟತೊಡಗಿದ್ದು. ಅದಕ್ಕೆ ಮುಂಚೆ ಕೊರಿಯರಿನವನನ್ನು ಬಿಟ್ಟು ಯಾರೂ ಬರುತ್ತಿರಲಿಲ್ಲ. ಈಗ ಸಂಜೆಯಾದರೆ ಯಾರಾದರೊಬ್ಬರು, "ಸರ್, ಎರಡು ನಿಮಿಷ," ಎನ್ನುತ್ತಿದ್ದರು. ಸಹಿ ಹಾಕದ ಉಳಿದ ನಾಲ್ವರು ಅವನ ಸೋಫಾದಲ್ಲಿ ಕುಳಿತು ಚಹಾ ಕುಡಿದು, "ನಾವು ಬಿಡುದಿಲ್ಲ," ಎನ್ನುತ್ತಿದ್ದರು. ನಾವು ಎಂಬ ಮಾತನ್ನು ಅವನೂ ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಹೇಳಿದ್ದ.

ನಾಚಿಕೆಯಾಯಿತು. ಆದರೂ ತೀರ್ಮಾನ ಸಡಿಲವಾಗಲಿಲ್ಲ. ಇನ್ನೂ ಬಿಗಿಯಾಯಿತು.

ಗೇಟಿನಲ್ಲೇ ಪರಪ್ಪ ಸಿಕ್ಕ. ವಿಜಯಪುರದ ಕಡೆಯವನು, ರಮಾನಾಥನಿಗಿಂತ ಒಂದು ಮಹಡಿ ಕೆಳಗಿನ ನೆರೆಯವನು, ಐವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವನು. ಈಗ ರಮಾನಾಥನ ಬ್ಯಾಗನ್ನು ನೋಡುತ್ತ ನಿಂತ.

"ಸರ್, ನಾ ಸಹಿ ಮಾಡೀನ್ರಿ."

"ಯಾವಾಗ?"

"ಮಧ್ಯಾಹ್ನ. ನಮ್ಮ ಮನ್ಯಾಕಿ ಅಂಬವ್ವನ ಮೊಣಕಾಲು ನಿಮಗ ಗೊತ್ತೈತಲ್ರಿ. ಮೆಟ್ಟಲಾ ಹತ್ತಿ ಇಳಿಯೂದು ಆಗವಲ್ದು. ಲಿಫ್ಟ್ ಬರತೈತಿ."

"ಉಳಿದವರು?"

"ಅವರೂ ಮಾಡ್ಯಾರ. ನಿನ್ನೆ ಮೂರೂ ಮಂದಿ ಕೂಡೇ ಹೋಗಿದ್ರು. ನಿಮಗ ಹೇಳಿಲ್ಲೇನ್ರಿ?"

"ಹೇಳಿದರು," ಎಂದ ರಮಾನಾಥ. ಸುಳ್ಳು ಸಲೀಸಾಗಿ ಬಂತು. "ಮೀಟಿಂಗಿಗೆ ಬರ್ತೀರಲ್ಲ?"

ಪರಪ್ಪನಿಗೆ ನಿಜವಾಗಿಯೂ ಸಂಕಟವಾದಂತೆ ಕಂಡಿತು. "ನಾ ಹ್ಯಾಂಗ ಬರ್ಲಿ? ಸಹಿ ಮಾಡದವರು ಬರಬೇಕಂತ ನೋಟಿಸಿನ್ಯಾಗ ಐತಲ್ರಿ."

ಮನೆಯಲ್ಲಿ ಹೆಂಡತಿ ಸೇವಂತಿ, ಖಾಲಿ ಮಾಡುವ ದಿನಕ್ಕೆಂದು ಈಗಲೇ, ಗಾಜಿನ ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಮನೆ ಇಬ್ಬರ ಹೆಸರಿನಲ್ಲಿತ್ತು. ಅವಳ ಸಹಿ ಯಾವಾಗಲೋ ಬಿದ್ದಾಗಿತ್ತು.

"ಇವತ್ತಾದ್ರೂ ಹಾಕಿ ಬರ್ತೀರಾ?"

"ನೋಡುವ."

"ನೋಡುದೆಂತ ಉಂಟು? ನಿಮ್ಮದು ಹಿಡಿದ ಮೊಲಕ್ಕೆ ಮೂರೇ ಕಾಲು." ಕೋಪವಿಲ್ಲದೆ ಹೇಳಿ ಇನ್ನೊಂದು ಲೋಟ ಎತ್ತಿಕೊಂಡಳು. "ಚಹಾ ಬೇಕಾ?"

"ಬೇಡ."

ಅವನು ಮುಖ ತೊಳೆದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ. ಒಬ್ಬನೇ ಆದರೂ ಸರಿ, ಹೋಗಿ ಹೇಳಿ ಬರುವುದು. ಮೆಟ್ಟಿಲು ಇಳಿದ.

ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ವಾಚ್‌ಮನ್ ಸಾಲು ಸಾಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ. ನೋಟಿಸಿನಲ್ಲಿ ಮೆಂಬರ್ಸ್ ಎಂದಿತ್ತು. ಎಷ್ಟು ಮಂದಿ ಎಂದು ವಾಚ್‌ಮನ್‌ಗೆ ಯಾರೂ ಹೇಳಿರಲಿಲ್ಲ. ಎದುರಿಗೆ ಮೇಜಿನ ಹಿಂದೆ ಸುಕೇಶ್, ಅವನ ಜೊತೆ ಕಮಿಟಿಯ ಇಬ್ಬರು. ರಮಾನಾಥ ಮೂರನೆಯ ಸಾಲಿನ ನಡುವೆ ಕುಳಿತ. ಮೊದಲ ಸಾಲಿನಲ್ಲಿ ಕೂರುವುದು ಅತಿಯಾಯಿತೆನಿಸಿತ್ತು.

ಸುಕೇಶ್ ಗಡಿಯಾರ ನೋಡಿದ. "ಕೋರಂ ಇಲ್ಲ ಸರ್. ರೂಲ್ ಪ್ರಕಾರ ಅರ್ಧ ಗಂಟೆ ಮುಂದಕ್ಕೆ ಹಾಕ್ಬೇಕು. ಆಮೇಲೆ ಎಷ್ಟು ಜನ ಇದ್ರೂ ನಡೀತದೆ."

"ಇನ್ನು ಯಾರು ಬರುವುದಿದೆ?"

"ಅದು ನಾನು ಹೇಗೆ ಹೇಳುದು? ರೂಲ್ ಉಂಟಲ್ಲ."

ಕಮಿಟಿಯವರು ಎದ್ದು ಹೊರಗೆ ಚಹಾಕ್ಕೆ ಹೋದರು. ಅವನನ್ನು ಕರೆಯಲಿಲ್ಲ. ಕರೆದರೆ ಇದ್ದಷ್ಟು ಕೋರಂ ಕೂಡ ಎದ್ದು ಹೋದಂತಾಗುತ್ತದೆ ಎಂದುಕೊಂಡರೇನೋ. ರಮಾನಾಥ ಕುರ್ಚಿಗಳ ನಡುವೆ ಕುಳಿತೇ ಇದ್ದ. ಮೇಲಿನ ಮನೆಗಳಲ್ಲಿ ಕುಕ್ಕರ್ ಕೂಗುತ್ತಿತ್ತು. ಕೆಲಸದಿಂದ ಬಂದವರು ಪಕ್ಕದಿಂದಲೇ ಹಾದು ಮೆಟ್ಟಿಲು ಹತ್ತಿದರು. ಇದು ತಮ್ಮ ಮೀಟಿಂಗಲ್ಲ ಎಂದು ತಿಳಿದ ಜನ, ಕಂಡೂ ಕಾಣದಂತೆ ಹೋದರು.

ಜೇಬಿನಲ್ಲಿ ಪೆನ್ನಿತ್ತು. ಸಹಿ ಹಾಕಿದರೆ ಎಲ್ಲರ ಜೊತೆ ಸೇರಿದಂತೆ. ಆದರೆ ಎಲ್ಲರ ಜೊತೆ ಇದ್ದಾಗ ತನಗೆ ಯಾರಿದ್ದರು? ನೆನಪಿಸಿಕೊಳ್ಳಲು ನೋಡಿದ. ಒಂದು ಮುಖವೂ ಬರಲಿಲ್ಲ. ಭಯವಾಯಿತು. ಪೆನ್ನನ್ನು ಇನ್ನಷ್ಟು ಕೆಳಗೆ ತಳ್ಳಿ, ನೆಟ್ಟಗೆ ಕುಳಿತ.

ಅರ್ಧ ಗಂಟೆ ಕಳೆದು ಅವರು ಬಂದರು. ಸುಕೇಶ್ ಎದ್ದು ನಿಂತು ನೋಟಿಸನ್ನು ಇಂಗ್ಲಿಷಿನಲ್ಲೇ ಪೂರ್ತಿ ಓದಿದ. ಒಂದು ತಪ್ಪೂ ಆಗಲಿಲ್ಲ. ಆಮೇಲೆ ಖಾಲಿ ಸಾಲುಗಳನ್ನು ನೋಡುತ್ತ, ಯಾರನ್ನೂ ನೋಯಿಸದಂಥ ದನಿಯಲ್ಲಿ ಹೇಳಿದ: "ಒಪ್ಪಿಗೆ ಇಲ್ಲದ ಸದಸ್ಯರು ದಯವಿಟ್ಟು ಕೈ ಎತ್ತಬೇಕು."

ರಮಾನಾಥ ಕೈ ಎತ್ತಿದ. ತೋಳು ಕಿವಿಗೆ ತಾಗುವಷ್ಟು ನೇರವಾಗಿ ಎತ್ತಿದ.

ಸುಕೇಶ್ ಬೆರಳು ಚಾಚಿ ಮೊದಲ ಸಾಲಿನಿಂದ ಎಣಿಸತೊಡಗಿದ. ಒಂದೊಂದು ಕುರ್ಚಿಯ ಮೇಲೂ ಬೆರಳು ನಿಂತು ಮುಂದೆ ಹೋಯಿತು. ರಮಾನಾಥನ ಮೇಲೂ ಅಷ್ಟೇ ಹೊತ್ತು ನಿಂತಿತು. ಕಡೆಯ ಸಾಲು ಮುಗಿದ ಮೇಲೆ ಸುಕೇಶ್ ಕುಳಿತು ಏನೋ ಬರೆದುಕೊಂಡ. ಮೂವರೂ ತಲೆ ತಗ್ಗಿಸಿ ತಮ್ಮತಮ್ಮಲ್ಲೇ ತುಳುವಿನಲ್ಲಿ ಮಾತಾಡಿ, ಕಾಗದ ಮಡಚಿಕೊಂಡು ಎದ್ದರು. ವಾಚ್‌ಮನ್ ಬಂದು ಹಿಂದಿನ ಸಾಲಿನಿಂದ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸತೊಡಗಿದ.

ಕೈ ಇಳಿಸಿ ಎಂದು ಯಾರೂ ಹೇಳಿರಲಿಲ್ಲ. ರಮಾನಾಥ ಎತ್ತಿಕೊಂಡೇ ಇದ್ದ.