ಮೂರನೆಯ ಡಿಟೆಕ್ಟರ್

ನಮ್ಮ ಮಾವನನ್ನು ಮನೆಗೆ ಕಳಿಸಿದ್ದು ಸಾವಿರಕ್ಕೆ ನಾಲ್ಕರ ವ್ಯತ್ಯಾಸಕ್ಕೆ.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಬೆಳಕಿನ ಶಕ್ತಿ ಅಳೆಯುವ ನಮ್ಮ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಡಿಟೆಕ್ಟರ್ ಜೋಡಿಸಿದವರು. ಬೆಳಕು ಬಿದ್ದರೆ ವಿದ್ಯುತ್ ಹುಟ್ಟಿಸುವ, ಉಗುರಿನಷ್ಟಗಲದ ಮೂರು ಫೋಟೋಡಯೋಡ್‌ಗಳನ್ನು ಒಂದು ಡಬ್ಬಿಯೊಳಗೆ ಓರೆಯಾಗಿ ಕೂರಿಸುತ್ತಿದ್ದರು. ಒಂದರ ಮೇಲೆ ಬಿದ್ದು ಚಿಮ್ಮಿದ ಬೆಳಕು ಇನ್ನೊಂದರ ಮೇಲೆ ಬೀಳಬೇಕು, ಹೊರಗೆ ಹೋಗಬಾರದು. ಆ ಡಬ್ಬಿಯೇ ಡಿಟೆಕ್ಟರ್. ಅಂಥವು ಮೂರು ನಮ್ಮಲ್ಲಿದ್ದವು. ಆಸ್ಪತ್ರೆಯದಾಗಲಿ ಕಾರ್ಖಾನೆಯದಾಗಲಿ, ಬೆಳಕಿನ ಮೀಟರ್ ಸರಿಯೋ ತಪ್ಪೋ ಎಂದು ಹೇಳುವವು ಅವೇ. ದಶಾಂಶದ ಮೂರನೇ ಸ್ಥಾನಕ್ಕೂ ಜಗಳ ತೆಗೆಯುತ್ತಿದ್ದುದರಿಂದ ಮಾವನಿಗೆ ‘ದಶಾಂಶ’ ಎಂದೇ ಹೆಸರು.

ಮೂರನ್ನೂ ವರ್ಷಕ್ಕೊಮ್ಮೆ ಒಂದೇ ನೀಲಿ ಕಿರಣಕ್ಕೆ ಹಿಡಿದು ಹೋಲಿಸುತ್ತೇವೆ. ಎರಡು ಒಂದೇ ಮಾತು ಹೇಳಿದರೆ ಮೂರನೆಯದು ಕೆಟ್ಟಿದೆ ಎಂದು ಬದಿಗಿಡುವುದು ನಮ್ಮ ಪದ್ಧತಿ. ಅವಕ್ಕೂ ಮೇಲಿನ ಸಾಕ್ಷಿ ಎಂದರೆ ರೇಡಿಯೋಮೀಟರ್. ಕೊರೆಯುವ ಚಳಿಯಲ್ಲಿಟ್ಟ ಕಪ್ಪು ಗೂಡಿಗೆ ಬೆಳಕು ಬಿಟ್ಟು, ಅದು ಎಷ್ಟು ಬಿಸಿಯಾಯಿತೆಂದು ನೋಡುವ ಯಂತ್ರ. ಆ ವರ್ಷ ಅದು ರಿಪೇರಿಗೆ ಹೋಗಿತ್ತು. ಒಂದನೆಯದೂ ಎರಡನೆಯದೂ ಕೂಡಿಕೊಂಡವು. ಮಾವ ಹೊಸದಾಗಿ ಜೋಡಿಸಿದ ಮೂರನೆಯದು ಮಾತ್ರ ಸಾವಿರಕ್ಕೆ ನಾಲ್ಕು ಹೆಚ್ಚು ತೋರಿಸಿತು.

“ಆ ಎರಡೂ ಒಟ್ಟಿಗೇ ಕೆಟ್ಟಿರಬಾರದಾ?” ಎಂದು ಮಾವ ಕೇಳಿದರು.

“ಹೌದಪ್ಪ, ಊರೆಲ್ಲ ಹಾಳು, ನಿಮ್ಮ ಕೂಸೊಂದೇ ಬಂಗಾರ,” ಎಂದರು ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು. “ಕೈ ತಪ್ಪಿದೆ ಅಂತ ಒಪ್ಕೊಳ್ಳೋಕೇನು ಕಷ್ಟ?”

ಹೋಲಿಕೆ ನಡೆಸಿದವನು ನಾನು, ವರದಿಗೆ ನಾನೇ ಸಹಿ ಹಾಕಿದೆ. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಮಾವ ಮನೆಯಲ್ಲಿ ಕೂತರು.

ಒಂದು ಮಾತು ನಾನು ಹೇಳಿರಲಿಲ್ಲ. ಆ ಹೋಲಿಕೆಗೆ ಮೂರು ತಿಂಗಳ ಮುಂಚೆ, ನೀರು ಶುದ್ಧ ಮಾಡುವ ನೇರಳಾತೀತ ದೀಪವೊಂದರ ಪರೀಕ್ಷೆಗೆ ಒಂದನೆಯದನ್ನೂ ಎರಡನೆಯದನ್ನೂ ಆರು ದಿನ ಅದರ ಮುಂದೆ ಇಟ್ಟಿದ್ದೆ. ಆ ಬೆಳಕು ಡಯೋಡನ್ನು ಕೆಡಿಸುತ್ತದೆ, ಅದಕ್ಕೆ ಬೀರುವಿನಲ್ಲಿ ಎತ್ತಿಟ್ಟಿರುವ ಹಳೆಯದೊಂದು ಡಿಟೆಕ್ಟರ್ ಬಳಸಬೇಕು. ಬೀರು ತೆಗೆದು ಹುಡುಕಲು ನನಗೆ ಸೋಮಾರಿತನ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲೂ ಬರೆಯಲಿಲ್ಲ. ಹೋಲಿಕೆಯ ದಿನ ಅದು ನೆನಪಿರಲಿಲ್ಲ ಎಂದರೆ ಸುಳ್ಳು. ಹಿಂದಿನ ವಾರವಷ್ಟೇ ಮಾವ ಎಲ್ಲರೆದುರು, “ನಿನಗೆ ಸ್ಕ್ರೂ ತಿರುಗಿಸೋಕೂ ಬರಲ್ಲ, ನನ್ನ ಮಗಳು ಏನು ನೋಡಿ ಒಪ್ಪಿದ್ಲೋ” ಎಂದಿದ್ದರು. ನನಗೆ ಮೈಯೆಲ್ಲ ಉರಿದಿತ್ತು. ಅನುಭವಿಸಲಿ ಎಂದುಕೊಂಡೆ.

ಎಂಟು ತಿಂಗಳಾದ ಮೇಲೆ ರೇಡಿಯೋಮೀಟರ್ ವಾಪಸ್ ಬಂತು. ಮೂರು ದಿನ ಕತ್ತಲೆ ಕೋಣೆಯಲ್ಲಿ ಕೂತು ಪರೀಕ್ಷೆ ಮಾಡಿದೆ. ಮೂರನೆಯದು ಸರಿ. ಉಳಿದೆರಡೂ ಸಾವಿರಕ್ಕೆ ನಾಲ್ಕು ಕಡಿಮೆ.

ಸಾಹೇಬರು ಅಂಕಿಗಳನ್ನು ನೋಡಿ ಕನ್ನಡಕ ತೆಗೆದರು. “ಹಳೇವಾದ್ವು ಅಂತ ಬರಿ, ಮುಗೀತು. ದಶಾಂಶನ ಸುದ್ದಿ ಎತ್ತಬೇಡ.”

“ಹಳೇವಾಗಿಲ್ಲ ಸಾರ್. ನಾನು ಕೆಡಿಸಿದ್ದು.” ಎಲ್ಲ ಹೇಳಿದೆ.

ಅವರು ಎದ್ದು ಬಾಗಿಲು ಹಾಕಿದರು. “ಇದನ್ನ ಕಾಗದದ ಮೇಲೆ ಹಾಕಿದ್ರೆ ನಿನ್ನ ಕೆಲಸ ಹೋಗುತ್ತೆ. ಗೊತ್ತು ತಾನೆ?”

“ಗೊತ್ತು.” ಬರೆದುಕೊಟ್ಟೆ.

ಮಧ್ಯಾಹ್ನವೇ ಮನೆಗೆ ಬಂದೆ. ಮಾವ ಊಟಕ್ಕೆ ಕೂತಿದ್ದರು, ಹೆಂಡತಿ ಬಡಿಸುತ್ತಿದ್ದಳು. ನಿಂತುಕೊಂಡೇ ಹೇಳಿ ಮುಗಿಸಿದೆ. ಬೈಯುತ್ತಾರೆ ಎಂದು ಕಾದೆ.

“ಎಷ್ಟು ದಿನ ಇಟ್ಟಿದ್ದೆ?” ಎಂದರು ಮಾವ.

“ಆರು.”

“ಎಷ್ಟು ದೂರ?”

“ಒಂದು ಗೇಣು.”

ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. “ಹ್ಞೂಂ. ಸಾವಿರಕ್ಕೆ ನಾಲ್ಕು ಕಡಿಮೆ ಬೀಳುತ್ತೆ.” ತಟ್ಟೆಯನ್ನು ಬದಿಗೆ ಸರಿಸಿದರು. “ಹೋದ ತಿಂಗಳು ಮನೇಲೇ ಇನ್ನೊಂದು ಜೋಡಿಸಿದ್ದೆ ಕಣಯ್ಯ. ಚೆನ್ನಾಗೇ ಬಂದಿತ್ತು. ಆದ್ರೆ ನನ್ನ ಕೈ ಹೋಗಿದೆ ಅಂತ ನಾನೇ ನಂಬಿದ್ನಲ್ಲ. ಸುತ್ತಿಗೆ ತಗೊಂಡು ಜಜ್ಜಿ ಹಾಕ್ದೆ. ಚಿಮಟ, ಬೆಸುಗೆ ಸಾಮಾನು ಎಲ್ಲ ಗುಜರಿಯವನಿಗೆ ಕೊಟ್ಟೆ.”

“ನಿಮ್ಮನ್ನ ವಾಪಸ್ ಕರೀತಾರೆ ಮಾವ. ಕರೀಲೇಬೇಕು.”

“ಕರೀಲಿ. ಹೋಗೋನು ಯಾರು?”

ಹೆಂಡತಿ ಪಾತ್ರೆಯನ್ನು ಕೆಳಗಿಟ್ಟಳು. “ಅಪ್ಪನ್ನ ಮನೆಗೆ ಕಳಿಸ್ದಾಗ್ಲೇ ಇದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಅಪ್ಪನ ಪಕ್ಕದಲ್ಲಿ, ನನಗೆ ಬೆನ್ನು ಹಾಕಿ ಕೂತು, “ಆರಿಹೋಗುತ್ತೆ, ಊಟ ಮಾಡಿ ಅಪ್ಪ” ಎಂದಳು.