ಹೊಸ ಬಂಬದ ನೀರು

ನೀರು ಕಾಯಿಸುವ ಬಂಬದ ಹಿತ್ತಾಳೆಯ ನಳ ತಿರುವಿ, ತಂಬಿಗೆಯಲ್ಲಿ ಬಿಸಿನೀರು ಹಿಡಿದು, ಗದಿಗೆವ್ವ ಅದನ್ನು ಮೂಗಿನ ಹತ್ತಿರ ತಂದಳು. ಅದೇ ವಾಸನೆ. ನಿನ್ನೆಗಿಂತ ತುಸು ಹೆಚ್ಚೇ. ನೀರನ್ನು ಬಚ್ಚಲಿಗೆ ಚೆಲ್ಲಿ ಅಲ್ಲೇ ಗೋಡೆಗೆ ಒರಗಿದಳು. ಬೆಳಗು ಇನ್ನೂ ಪೂರ್ತಿ ಹರಿದಿರಲಿಲ್ಲ. ಅವಳ ಸೊಂಟ ಮಾತ್ರ ಆಗಲೇ ಇಡೀ ದಿನ ದುಡಿದಂತೆ ನೋಯುತ್ತಿತ್ತು.

ನಾಡಿದ್ದು ಪಂಚಮಿ. ನಾಳೆ ತೌರೂರು ಡೋಣಿಯಿಂದ ಅಣ್ಣ ಕೊಟ್ರಪ್ಪ ಚಕ್ಕಡಿ ಕಟ್ಟಿಕೊಂಡು ಕರೆಯಲು ಬರುವವನಿದ್ದ. ಹೋದ ವರ್ಷವೂ ಬಂದಿದ್ದ. ಅತ್ತೆಗೆ ಜ್ವರ ಎಂದು ಬರಿಗಾಡಿ ಹೊಡೆದುಕೊಂಡು ತಿರುಗಿ ಹೋಗಿದ್ದ. ತೌರಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಓಣಿಯ ಹುಡುಗಿಯರೆಲ್ಲ ಜೀಕಿ, ಶೇಂಗಾ ಉಂಡಿ ತಿಂದು, ಗಂಡನ ಮನೆಗಳಿಗೆ ಮರಳಿದ್ದರು. ಗದಿಗೆವ್ವ ಮಾತ್ರ ಬೆಟಗೇರಿಯ ಈ ಬಚ್ಚಲಲ್ಲೇ ಉಳಿದಿದ್ದಳು. ಈ ಸಲವಾದರೂ ಹೋಗುವುದು ಆಗುತ್ತದೋ ಇಲ್ಲವೋ ಎಂಬುದು ಈ ಹಾಳು ವಾಸನೆಯ ಮೇಲೆ ನಿಂತಿತ್ತು. "ಬಾಣಂತಿ ನೀರು ಸರಿ ಆಗೋತನಕ ಯಾರೂ ಎಲ್ಲಿಗೂ ಹೋಗೂದಿಲ್ಲ" ಎಂದು ಅತ್ತೆ ಅಮೃತವ್ವ ಹೇಳಿಯಾಗಿತ್ತು. ಯಾರೂ ಅಂದರೆ ಯಾರು ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಬಂಬ ಮನೆಗೆ ಬಂದದ್ದೇ ಬಾಣಂತಿಗಾಗಿ. ನಾದಿನಿ ಸುಮಿತ್ರವ್ವ ಧಾರವಾಡದಿಂದ ಚೊಚ್ಚಲ ಹೆರಿಗೆಗೆ ಬಂದಾಗ, ಗದಿಗೆವ್ವನ ಗಂಡ ತಂಗಿಯ ಮೇಲಿನ ಅಕ್ಕರೆಗೆ ಹುಬ್ಬಳ್ಳಿಯಿಂದ ಅದನ್ನು ತಂದಿದ್ದ. ಎದೆಯೆತ್ತರದ ತಾಮ್ರದ ಡಬ್ಬಿಯಂಥದ್ದು. ನಡುವೆ ಬೆಂಕಿ ಉರಿಯುವ ಕೊಳವೆ, ಸುತ್ತ ನೀರು, ಬಗಲಿಗೆ ನೀರು ಹೊಯ್ಯಲು ಸಣ್ಣದೊಂದು ಬಾಯಿ, ಬುಡದಿಂದ ಒಂದು ಗೇಣು ಮೇಲೆ ನಳ. ಓಣಿಯ ಹೆಂಗಸರೆಲ್ಲ ಬಂದು, ನಳ ತಿರುವಿ, ಕೈ ಚುರ್ರೆನ್ನಿಸಿಕೊಂಡು, ನಕ್ಕು ಹೋಗಿದ್ದರು. ಹಳೆಯ ಹಂಡೆ ಹಿತ್ತಲಿನ ಮೂಲೆ ಸೇರಿ ಮಳೆನೀರು ತುಂಬಿಕೊಂಡು ಕೂತಿತ್ತು.

ವಾಸನೆಯನ್ನು ಮೊದಲು ಹೆಸರಿಟ್ಟು ಕರೆದವಳು ಸುಮಿತ್ರವ್ವ. ನಾಲ್ಕಾರು ದಿನದ ಹಿಂದೆ ಎಣ್ಣೆ ಹಚ್ಚಿಕೊಂಡು ಕೂತವಳು ಮೊದಲ ತಂಬಿಗೆ ಬೀಳುತ್ತಲೇ ಎದ್ದು ನಿಂತಿದ್ದಳು.

"ಯವ್ವಾ, ಕೊಳತ ತತ್ತಿ ನಾತ ಬರತೈತಿ. ನಾ ಒಲ್ಲೆ."

ಅಮೃತವ್ವ ಕೈಯಲ್ಲಿದ್ದ ಸೀಗೆಪುಡಿ ಕೆಳಗಿಟ್ಟಳು. "ತತ್ತಿ ಕೊಳತರ ಹೆಂಗ ನಾರತೈತಿ ಅಂತ ನಿನಗ ಹೆಂಗ ಗೊತ್ತಬೇ? ದಿನಾ ಲಿಂಗ ಪೂಜಿ ಮಾಡೋರ ಮಗಳ ನೀನು."

"ಧಾರವಾಡದಾಗ ಬಾಜೂ ಮನಿಯವರು ಕೋಳಿ ಸಾಕ್ಯಾರ. ನನ್ನ ಮೂಗ ಏನ ಮಾಡಬೇಕು, ಮುಚ್ಚಿಕೊಂಡು ಕುಂಡ್ರಬೇಕೇನು?"

ಅಮೃತವ್ವ ಮಗಳನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು. "ನೀ ಏನ ಹಾಕಿಯಬೇ ನೀರಾಗ?"

"ಏನೂ ಹಾಕಿಲ್ರಿ ಅತ್ತಿ. ಬಾವಿ ನೀರು, ಅಷ್ಟ."

"ಮತ್ತ ಬಾವಿ ನೀರ ತಾನ ತಾನ ನಾರತೈತೇನು? ಕೊಡ ಬೆಳಗಿದ ಹುಣಸಿಹಣ್ಣ ಹಂಗ ಬಿಟ್ಟಿರಬೇಕು. ನಿನ್ನ ಚಿತ್ತ ಎಲ್ಲಿರತೈತೋ. ಪಂಚಮಿ ಬಂತಂದ್ರ ಡೋಣ್ಯಾಗ ಇರತೈತಿ."

ಅದು ಸುಳ್ಳಾಗಿರಲಿಲ್ಲ. ಗದಿಗೆವ್ವ ಕೊಡ ಎತ್ತಿಕೊಂಡು ಬಾವಿಗೆ ನಡೆದಳು.

ಅಂದಿನಿಂದ ಅವಳಿಗೆ ಇರುವ ಕೆಲಸದ ಮೇಲೆ ಇದೂ ಒಂದು ಕೆಲಸ. ಕೊಡಗಳನ್ನು ಬೂದಿ ಹಚ್ಚಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಹಗ್ಗ ಬದಲಿಸಿದಳು. ಬಾವಿಯ ನೀರನ್ನು ತಣ್ಣಗೇ ಮೂಸಿದಳು: ಎಂದಿನಂತೆ ಸವಳು, ವಾಸನೆ ಇಲ್ಲ. ಅದೇ ನೀರನ್ನು ಅಡುಗೆಮನೆಯ ಒಲೆಯ ಮೇಲೆ ಚರಿಗೆಯಲ್ಲಿ ಕಾಯಿಸಿದಳು: ಇಲ್ಲ. ಹತ್ತಿಕಟ್ಟಿಗೆಯ ಹೊಗೆಯ ವಾಸನೆ ಇದ್ದೀತೆಂದು ಬಂಬಕ್ಕೆ ಸಗಣಿಯ ಕುಳ್ಳು ಹಾಕಿ ಕಾಯಿಸಿದಳು. ಕಣ್ಣು ಉರಿಯಿತು, ವಾಸನೆ ಇದ್ದಲ್ಲೇ ಇತ್ತು. ಒಂದು ಸಂಗತಿ ಮಾತ್ರ ಅವಳ ಗಮನಕ್ಕೆ ಬಂತು. ಬೆಳಗಿನ ಮೊದಲ ತಂಬಿಗೆ ತೀರಾ ನಾರುತ್ತಿತ್ತು; ಆಮೇಲೆ ಕಡಿಮೆ; ನೀರು ತಗ್ಗಿ ನಳ ಸಣ್ಣಗೆ ಸುರಿಯತೊಡಗಿದಾಗ ಮತ್ತೆ ಮೊದಲಿನಂತೆಯೇ. ಏನಿದ್ದರೂ ಬುಡದಲ್ಲಿದೆ.

ಮಾವ ನಿಜಲಿಂಗಪ್ಪ ಲಿಂಗಪೂಜೆಗೆ ಮುಂಚಿನ ಸ್ನಾನವನ್ನು ತಣ್ಣೀರಲ್ಲೇ ಮುಗಿಸತೊಡಗಿ, ನೆಗಡಿ ಹಿಡಿಸಿಕೊಂಡು, ಕೊನೆಗೆ ಈ ಬೆಳಗ್ಗೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ನಜೀರಸಾಬನಿಗೆ ಹೇಳಿ ಕಳಿಸಿದರು.

ಆ ಮಧ್ಯಾಹ್ನವೇ ಬಂದ ನಜೀರಸಾಬ ಬಂಬದ ಸುತ್ತ ಒಂದು ಸುತ್ತು ಬಂದು, ಅಲ್ಲಲ್ಲಿ ಬೆರಳಲ್ಲಿ ಬಡಿದು, ನಳ ಬಿಚ್ಚಿ ನೋಡಿ ಮತ್ತೆ ಕೂಡಿಸಿದ.

"ಕಲಾಯಿ ಚಲೋ ಐತ್ರಿ. ತಾಮ್ರ ಖರೇ ತಾಮ್ರ. ನನಗೇನೂ ತಿಳೀವಲ್ದು."

"ಮತ್ತ ವಾಸನಿ?" ಎಂದರು ನಿಜಲಿಂಗಪ್ಪ, ಮೂಗು ಒರೆಸಿಕೊಳ್ಳುತ್ತ.

"ಈಗ ಮುಂಬೈ ರಾಜ್ಯ ಹೋಗಿ ಮೈಸೂರಾಗ ಕೂಡತೀವಂತಲ್ರಿ. ಹೊಸ ಸರಕಾರ ಬಂದ ಮ್ಯಾಲ ಒಂದ ಅರ್ಜಿ ಹಾಕ್ರಿ. ವಾಸನಿ ಹಳೇ ಸರಕಾರದ್ದಿದ್ರ ಆಗ ಹೋಗತೈತಿ."

ನಿಜಲಿಂಗಪ್ಪ ನಗಲು ಹೋಗಿ ಸೀನಿದರು.

"ಬೋರಲ ಮಾಡಿ ಖಾಲಿ ಮಾಡಿದ್ರ ಒಳಗ ನೋಡಬೌದು," ಎಂದ ನಜೀರಸಾಬ.

ಬಾಗಿಲ ಮರೆಯಿಂದ ಅಮೃತವ್ವನ ದನಿ ಬಂತು. "ಅದೊಂದ ಆಗಂಗಿಲ್ಲ. ಬಾಣಂತಿ, ಕೂಸ ಇರೋ ಮನಿ. ಕಾಯೋ ನೀರಿನ ತಳಾ ಕಂಡ್ರ ನೀರಿನ ತಾಯಿ ಗಂಗವ್ವ ಮನಿ ಬಿಟ್ಟ ಎದ್ದ ಹೊಕ್ಕಾಳ. ನಮ್ಮತ್ತಿ ಇರೂತನಕ ಹಂಡೆ ಬರಿದಾಗಿಲ್ಲ, ನಾನೂ ಮಾಡಿಲ್ಲ."

ನಜೀರಸಾಬ ಚಹಾ ಕುಡಿದು ಎದ್ದ. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಗದಿಗೆವ್ವನಿಗೆ, "ತಂಗಿ, ಇನ್ನ ಗಂಗವ್ವನ್ನ ಕೇಳ್ಬೇಕು" ಎಂದು ಹೇಳಿ ಹೋದ.

ಮರುದಿನ ಪಂಚಮಿಯ ಮುನ್ನಾದಿನದ ರೊಟ್ಟಿ ಹಬ್ಬ. ನಸುಕಿನಿಂದ ಸಜ್ಜೆರೊಟ್ಟಿ ಬಡಿದೂ ಬಡಿದೂ ಗದಿಗೆವ್ವನ ಅಂಗೈ ಜೋಮು ಹಿಡಿದಿತ್ತು. ಉಂಡ ಮೇಲೆ ಮನೆ ಮಲಗಿತು. ಸುಮಿತ್ರವ್ವ ಅಂದೂ ಮೈ ಮೇಲೆ ನೀರು ಹಾಕಿಸಿಕೊಂಡಿರಲಿಲ್ಲ. ಒಳಗೆ ಕೂಸು ಕುಂಯ್‌ಗುಟ್ಟುತ್ತಿತ್ತು. ಹೊತ್ತು ಇಳಿಯುವ ಮುಂಚೆ ಅಣ್ಣ ಬರುತ್ತಾನೆ. ಬಂದು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮುಖ ನೋಡುತ್ತಾನೆ. ಹೋದ ವರ್ಷದ ಹಾಗೆಯೇ.

ಬಚ್ಚಲ ಹೊಸ್ತಿಲ ಮೇಲೆ ಕೂತ ಗದಿಗೆವ್ವನಿಗೆ ಡೋಣಿಯ ಅಜ್ಜಿಯ ಕಥೆ ನೆನಪಾಯಿತು. ಆ ಕಥೆಯಲ್ಲಿ ಗಂಗವ್ವ ಡೋಣಿಯ ಮಗ್ಗುಲಿನ ಕಪ್ಪತಗುಡ್ಡದ ಮಗಳು. ಅವಳನ್ನು ಕಪ್ಪುಮಣ್ಣಿನ ಎರೆಸೀಮೆಯ ಒಂದು ಬಾವಿಗೆ ಕೊಟ್ಟಿದ್ದರು. ಬಾವಿ ಅವಳನ್ನು ಒಂದು ಹಬ್ಬಕ್ಕೂ ತೌರಿಗೆ ಕಳಿಸಲಿಲ್ಲ. ಕೂತಲ್ಲೇ ಕೂತು, ಅತ್ತೂ ಅತ್ತೂ ಗಂಗವ್ವ ಸವಳಾದಳು. ಊರು ಕುಡಿಯಲಾರದಾಯಿತು. ಕೊನೆಗೆ ಊರವರು ಬಾವಿಯ ನೀರನ್ನು ತಳ ಕಾಣುವ ತನಕ ಸೇದಿದರು; ಗಂಗವ್ವ ಗುಡ್ಡಕ್ಕೆ ಓಡಿದಳು, ತಾಯಿಯ ಕೈಯ ಉಂಡಿ ತಿಂದಳು, ಬೆಳಗಾಗುವುದರೊಳಗೆ ಸಿಹಿಯಾಗಿ ತಿರುಗಿ ಬಂದಳು. ಈ ಕೊನೆಯನ್ನು ಗದಿಗೆವ್ವ ಬಹಳ ವರ್ಷ ಕೇಳಿಯೇ ಇರಲಿಲ್ಲ. ಓಡುವಲ್ಲಿಗೆ ಬರುವುದರೊಳಗೆ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು.

ಎದ್ದಳು. ಬಂಬ ತಣ್ಣಗಿತ್ತು. ನಳ ತಿರುವಿದಳು. ನೀರು ಸುರಿದು, ಸಣ್ಣಗಾಗಿ, ತೊಟ್ಟಿಕ್ಕಿ ನಿಂತಿತು. ಆಮೇಲೆ ಬಂಬವನ್ನು ಎರಡೂ ತೋಳಿನಿಂದ ತಬ್ಬಿ, ಸೆರಗು ಜಾರಿದರೂ ಬಿಡದೆ, ಬಾಯಿ ಕೆಳಗಾಗುವಂತೆ ಬಚ್ಚಲ ಕಲ್ಲಿನ ಮೇಲೆ ಒರಗಿಸಿದಳು.

ಮೊದಲು ಕರ್ರನೆಯ ನೀರು ಬಂತು. ಆ ನಾತಕ್ಕೆ ಅವಳ ಕಣ್ಣಲ್ಲಿ ನೀರೂರಿತು. ನಂತರ ಬಾಯಲ್ಲಿ ಏನೋ ಸಿಕ್ಕಿಕೊಂಡು ನೀರು ನಿಂತಿತು. ಬೆರಳು ಹಾಕಿ ಎಳೆದಳು. ಬಟ್ಟೆ. ಲೋಳೆ ಹಿಡಿದ ಒಂದು ಗಂಟು. ಬಿಚ್ಚಿದರೆ ಗಂಜಿಯಂತೆ ಕೊಳೆತ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಉಬ್ಬಿದ ಉತ್ತತ್ತಿ, ಬಾಳೆಹಣ್ಣಿನದೋ ಏನೋ ಕಪ್ಪು ಸಿಪ್ಪೆ. ಬಟ್ಟೆಯ ಅಂಚಿನಲ್ಲಿ ಇನ್ನೂ ಹಸಿರು ಉಳಿದಿತ್ತು. ಗುಳೇದಗುಡ್ಡದ ಕುಪ್ಪಸದ ಖಣ. ಅತ್ತೆಯ ಪೆಟ್ಟಿಗೆಯಲ್ಲಿ ಇರುವಂಥದ್ದು.

ಗದಿಗೆವ್ವ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಳು. ಹಂಡೆಗೆ ಮೊದಲ ನೀರು ತುಂಬಿದ ದಿನ ಗಂಗವ್ವನಿಗೆ ಉಡಿ ತುಂಬಿ ಗಂಟನ್ನು ನೀರಿಗೆ ಬಿಡುವುದು, ಬೆಳಗ್ಗೆ ತೆಗೆದು ಬಾವಿಗೆ ಹಾಕುವುದು ಈ ಮನೆಯ ಪದ್ಧತಿ. ಹಂಡೆಯಿಂದಾದರೆ ಕೈ ಹಾಕಿ ತೆಗೆಯಬಹುದು. ಇದರ ಬಾಯಲ್ಲಿ ಗಂಟು ಇಳಿದಿತ್ತು, ಅಮೃತವ್ವನ ಬಳೆಗೈ ಇಳಿದಿರಲಿಲ್ಲ. ಆಮೇಲೆ ಹೆರಿಗೆ, ಕೂಸು, ಬಂದುಹೋಗುವವರ ಗದ್ದಲದಲ್ಲಿ ಅದು ಮರೆತೇ ಹೋಗಿತ್ತು.

ಹಿಂದೆ ಬಳೆಯ ಸಪ್ಪಳವಾಯಿತು. ಅಮೃತವ್ವ ಬಾಗಿಲಲ್ಲಿ ನಿಂತಿದ್ದಳು. ಮಗುಚಿದ ಬಂಬ, ಹರಿದ ಕಪ್ಪು ನೀರು, ಸೊಸೆಯ ಅಂಗೈ ಎಲ್ಲವನ್ನೂ ನೋಡಿದಳು. ಖಣದ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟಳು.

"ತಳಾ ಕಂಡೆ?"

"ಕಂಡೆನ್ರಿ."

ಅಮೃತವ್ವ ಹೊಸ್ತಿಲ ಮೇಲೆ, ಸೊಸೆ ಕೂರುತ್ತಿದ್ದ ಜಾಗದಲ್ಲೇ, ಮೊಣಕಾಲು ಹಿಡಿದು ಮೆಲ್ಲಗೆ ಕೂತಳು. ಅವಳಿಗೂ ತಿಂಗಳಿಂದ ನಿದ್ದೆ ಇರಲಿಲ್ಲ. ಕೂಸು ರಾತ್ರಿಯೆಲ್ಲ ಅವಳ ಬಗಲಲ್ಲೇ ಅಳುತ್ತಿತ್ತು.

"ಸುಮಿತ್ರಿ ಮುಂದ ಹೇಳಬ್ಯಾಡ," ಎಂದಳು. "ಬಾಯಿ ಬಡಕಿ ಅದು. ಧಾರವಾಡದ ತನಕ ಮುಟ್ಟಿಸ್ತಾಳ."

"ಇಲ್ರಿ."

"ನೀರ ತುಂಬು ಮತ್ತ."

ಗದಿಗೆವ್ವ ಗಂಟನ್ನು ಬಾಳೆಯ ಬುಡದಲ್ಲಿ ಹೂತು ಬಂದಳು. ಬಂಬದೊಳಗೆ ಬೂದಿನೀರು ಹಾಕಿ ಕುಲುಕಿ ಕುಲುಕಿ ತೊಳೆದಳು. ಬಾವಿಯಿಂದ ಕೊಡ, ಕೊಡದಿಂದ ಬಂಬ. ಬಾವಿಯ ಗಾಲಿ ಕಿರಗುಟ್ಟುವ ಸದ್ದಿನೊಳಗೆ ಚಕ್ಕಡಿಯ ಗಂಟೆಯ ಸದ್ದೂ ಬಂದು ಬೆರೆಯಿತು. ಅಂಗಳದಲ್ಲಿ ಕೊಟ್ರಪ್ಪ ಎತ್ತು ಬಿಚ್ಚುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ತುಂಬುವುದು ಇನ್ನೂ ಅರ್ಧ ಇತ್ತು.

ಕುಳ್ಳು ಹೊತ್ತಿ, ನೀರು ಕಾದು, ಸುಮಿತ್ರವ್ವ ಬಂದು ನಳದ ಕೆಳಗೆ ಅಂಗೈ ಒಡ್ಡಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ವೈನಿ, ಏನ ಮಾಡಿದಿ?"

"ತೊಳದ್ನಿ."

"ಇಷ್ಟ ದಿನಾ ತೊಳೀಬಾರದಾಗಿತ್ತೇನು," ಎಂದು ಸುಮಿತ್ರವ್ವ ಎಣ್ಣೆ ಹಚ್ಚಿಕೊಳ್ಳಲು ಕೂತಳು.

ಅಮೃತವ್ವ ತಂಬಿಗೆ ಎತ್ತಿಕೊಂಡಳು. ಮಗಳಿಗೆ ನೀರು ಹಾಕಿ, ಧೂಪಕ್ಕೆ ಕೂರಿಸಿ, ಪೆಟ್ಟಿಗೆಯಿಂದ ಎರಡು ಹಸಿರು ಖಣ ತಂದಳು. ಒಂದರಲ್ಲಿ ಹಿಡಿ ಅಕ್ಕಿ, ಅರಿಷಿಣ, ಉತ್ತತ್ತಿ ಇಟ್ಟು ಗಂಟು ಕಟ್ಟಿದಳು. ಬಂಬದ ಬಾಯಿಯ ಹತ್ತಿರ ಒಯ್ದವಳು ಅರೆಗಳಿಗೆ ನಿಂತು, ನಂತರ ಅದನ್ನು ದಾರದಿಂದ ಹೊರಗೆ, ಹಿಡಿಕೆಗೆ ಬಿಗಿದಳು. ಇನ್ನೊಂದರ ಮೇಲೂ ಹಿಡಿ ಅಕ್ಕಿ ಇಟ್ಟುಕೊಂಡು ಸೊಸೆಯ ಕಡೆ ತಿರುಗಿದಳು.

"ಸೆರಗ ಒಡ್ಡು. ನಿಮ್ಮಣ್ಣ ಆವಾಗಿಂದ ಕುಂತಾನ. ಉಂಡಿ ತಿಂದು ಜಲ್ದಿ ಬಾ, ನನಗ ನೀರ ಸೇದಾಕ ಆಗೂದಿಲ್ಲ."

ಸೆರಗು ಇನ್ನೂ ತೋಯ್ದೇ ಇತ್ತು. ಅಕ್ಕಿ ಅದಕ್ಕೆ ಅಂಟಿಕೊಂಡಿತು.

ಚಕ್ಕಡಿ ಊರು ದಾಟುತ್ತಲೇ ಕೊಟ್ರಪ್ಪ, "ತಂಗಿ, ಆ ತಿರುವಿನ್ಯಾಗ ಗುಡ್ಡ ಕಾಣತೈತಿ ನೋಡು, ಮಳಿಗೆ ಹಸರಾಗೈತಿ" ಎಂದ. ತಿರುಗಿ ನೋಡಿದ. ಗದಿಗೆವ್ವ ಮೇವಿನ ಮೇಲೆ ಮುದುಡಿಕೊಂಡು, ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆ ಹೋಗಿದ್ದಳು. ಅವನು ಎತ್ತಿನ ಕೊರಳ ಗಂಟೆಗಳಿಗೆ ಹುಲ್ಲು ತುರುಕಿ, ಮೆಲ್ಲಗೆ ಹೊಡೆದ.